ಹರಕೆ ಬೆಲ್ಲದ ತೂಕ

ಐವತ್ತೈದನೇ ಇಸವಿಯಲ್ಲಿ ಕುರುಬರಹಳ್ಳಿ ಇನ್ನೂ ಹಳ್ಳಿಯೇ. ಅತ್ತ ರಾಜಾಜಿನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದವು, ಇತ್ತ ನಮ್ಮ ಹಿತ್ತಲಿಗೆ ರಾಗಿ ಹೊಲ. ನಾನು ಬಾಣಂತಿ, ಕತ್ತಲೆ ಕೋಣೆಯಲ್ಲಿ ಕೆಂಡದ ಬಿಸಿಗೆ ಮೈಯೊಡ್ಡಿ ಮಲಗಿದ್ದೆ. ಮೊದಲ ಕೂಸು ಹಾಲು ಸಾಲದೆ ಸೊರಗಿ ತೀರಿಹೋಗಿತ್ತು. ಎರಡನೆಯವಳೂ ಅದೇ ದಾರಿ ಹಿಡಿದಿದ್ದಳು. ಅವಳ ಅಳು ದಿನದಿನಕ್ಕೆ ಸಣ್ಣಗಾಗುತ್ತಿತ್ತು. ಇವಳು ಉಳಿಯಬೇಕು ಎನ್ನುವುದು ಬಿಟ್ಟರೆ ನನಗೆ ಇನ್ನೊಂದೇ ಆಸೆ, ಹೇಳಿಕೊಳ್ಳಲು ನಾಚಿಕೆ: ಒಂದು ಚೊಂಬು ನೀರು. ಬಾಣಂತಿ ನೀರು ಕುಡಿದರೆ ಕೂಸಿಗೆ ಶೀತವೆಂದು ಅತ್ತೆ ಮುನಿಲಕ್ಷ್ಮಮ್ಮ ನಾಲಿಗೆ ಒದ್ದೆಯಾಗುವಷ್ಟೇ ಕೊಡುತ್ತಿದ್ದರು.

ಜಯದೇವಿ ಎಂಬ ನರ್ಸಮ್ಮ ಬಂದದ್ದು ಆಗ. ದಾವಣಗೆರೆ ಕಡೆಯವರು. ಇಂಗ್ಲೆಂಡಿನ ಒಂದು ಗಿರಣಿ ಊರಿನಲ್ಲಿ ಕಲಿತು ಬಂದು ನಮ್ಮ ಕಡೆಯ ಹೆರಿಗೆ ಆಸ್ಪತ್ರೆ ಸೇರಿದ್ದರು. ಅಲ್ಲಿನ ಅಭ್ಯಾಸದಂತೆ, ಕೂಸು ಹುಟ್ಟಿದ ಮನೆಗಳಿಗೆ ಸೈಕಲ್ ತುಳಿದುಕೊಂಡು ತಾವೇ ಹೋಗುತ್ತಿದ್ದರು.

"ಕರೀದೇ ಬರೋದು ಬೆಕ್ಕು ಒಂದೇ ಅನ್ಕೊಂಡಿದ್ದೆ" ಎಂದರು ಅತ್ತೆ, ಬಾಗಿಲಿಗೆ ಅಡ್ಡ ನಿಂತು.

"ಬೆಕ್ಕಿಗಾದ್ರೆ ಹಾಲು ಬೇಕು. ನನಗೆ ಅದೂ ಬ್ಯಾಡ್ರಿ, ಕೂಸಿನ ತೂಕ ನೋಡಿ ಹೋಗ್ತೀನಿ."

"ತೂಕವಾ? ಕೂಸೇನು ಕಡ್ಲೆಕಾಯಾ? ತೂಗಿದ್ರೆ ದೃಷ್ಟಿ ಆಗುತ್ತೆ, ಇರೋದೂ ಇಳಿದೋಗುತ್ತೆ. ನಡೀರಿ, ನಡೀರಿ."

ಸೈಕಲ್ಲಿನ ಕಟಕಟ ಸದ್ದು ದೂರವಾಯಿತು. ಕೋಣೆಯೊಳಗಿಂದಲೇ ಆ ಸದ್ದಿಗಾಗಿ ಕಿವಿಗೊಟ್ಟು ಮಲಗುವುದು ಅಂದಿನಿಂದ ನನ್ನ ಕೆಲಸವಾಯಿತು. ನಮ್ಮನ್ನು ಕೇಳಿಕೊಂಡು ಯಾರೋ ಬಂದಿದ್ದರಲ್ಲ!

ಅವರು ಮತ್ತೆ ಬಂದರು. ಈ ಸಲ ತೂಕದ ಮಾತೆತ್ತಲಿಲ್ಲ.

"ಕೂಸಿನ ಹೆಸರಲ್ಲಿ ಹರಕೆ ಏನೂ ಇಲ್ಲೇನ್ರಿ ಅಮ್ಮ?"

"ಇಲ್ದೆ ಏನು? ಆಂಜನೇಯಂಗೆ ಬೆಲ್ಲದಲ್ಲಿ ತೂಗಿಸ್ತೀನಿ ಅಂತ ಹೊತ್ತಿದೀನಿ."

"ದೇವರ ತೂಕಕ್ಕೆ ದೃಷ್ಟಿ ತಾಗಲ್ಲ. ಬೆಲ್ಲ ಇವತ್ತೇ ತೂಗಿ ತೆಗೆದಿಡ್ರಿ."

ದೇವರ ಹೆಸರೆತ್ತಿದ ಮೇಲೆ ಇಲ್ಲ ಎನ್ನುವ ಹೆಂಗಸಲ್ಲ ಅತ್ತೆ. ನಮ್ಮ ಅಂಗಡಿಯ ತಕ್ಕಡಿಯನ್ನು ತೊಲೆಗೆ ನೇತುಹಾಕಿದರು. ಒಂದು ತಟ್ಟೆಯಲ್ಲಿ ಕೂಸು, ಇನ್ನೊಂದರಲ್ಲಿ ಬೆಲ್ಲದ ಅಚ್ಚುಗಳು, ಮುಳ್ಳು ನೆಟ್ಟಗೆ ನಿಲ್ಲುವವರೆಗೆ. ಆ ಬೆಲ್ಲ ಗಂಟಾಗಿ ದೇವರ ಗೂಡಿನ ಪಕ್ಕ ತೂಗಿತು. ಹರಕೆ ಬೆಲ್ಲ ಎಂದ ಮೇಲೆ ಯಾರೂ ಕೈಹಚ್ಚುವ ಹಾಗಿಲ್ಲ, ಕಾಫಿಗೆ ಬೆಲ್ಲವಿಲ್ಲದ ದಿನವೂ.

ಮುಂದಿನ ವಾರ, ಹರಕೆ ಬೆಲ್ಲ ಸಾಲುತ್ತದೋ ನೋಡೋಣವೆಂದು ನರ್ಸಮ್ಮ ಮತ್ತೆ ತಕ್ಕಡಿ ಕಟ್ಟಿಸಿದರು. ಅದೇ ಗಂಟು, ಅದೇ ಕೂಸು. ಗಂಟಿನ ತಟ್ಟೆ ಕೆಳಗಿಳಿಯಿತು, ಮಗಳ ತಟ್ಟೆ ಮೇಲೆದ್ದು ನಿಂತಿತು. ಅತ್ತೆ ಆಯುಷ್ಯವೆಲ್ಲ ತಕ್ಕಡಿ ಹಿಡಿದವರು. ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಇಳಿದುಬಿಟ್ಟಿದೆಯಲ್ಲೇ..." ಎಂದರು.

"ತಾಯಿಗೆ ನೀರು ಕೊಡ್ರಿ ಅಮ್ಮ. ಕಾಯಿಸಿ ಆರಿಸಿ, ಕೇಳಿದಷ್ಟು ಕೊಡ್ರಿ. ಹೊಟ್ಟೆ ತುಂಬ ಮುದ್ದೆ, ಸೊಪ್ಪು ಹಾಕ್ರಿ. ಬಾವಿ ಬತ್ತಿಸಿ ಕೊಡ ತುಂಬ್ಸೋಕಾಗುತ್ತೇನು?"

ಅತ್ತೆ ಎದ್ದು ಹೋಗಿ ಚೊಂಬು ತಂದರು. ನಾನು ಗಟಗಟ ಕುಡಿಯುವಾಗ ಮುಖ ಆಚೆ ತಿರುಗಿಸಿಕೊಂಡರು.

ಕೆಲವು ವಾರಗಳಲ್ಲಿ ಮಗಳ ತಟ್ಟೆ ಧೊಪ್ಪೆಂದು ಕೆಳಗೆ ಬಂತು. "ಅಯ್ಯೋ ಪುಂಡೀ, ದೇವ್ರನ್ನೇ ಮೇಲೆತ್ತಿದ್ಯಲ್ಲೇ!" ಎಂದು ಅತ್ತೆ ನಕ್ಕರು. ನರ್ಸಮ್ಮನಿಗೆ ಜಗುಲಿಯಲ್ಲಿ ಚಾಪೆ ಹಾಸಿ ಕಾಫಿ ಕೊಟ್ಟರು. ಆಮೇಲೆ ಕೇಳಿದರು:

"ನೀವು ಕಲಿತ ಆ ಸೀಮೇಲಿ ಕೂಸುಗಳು ಸಾಯೋದೇ ಇಲ್ವಾ?"

"ಸಾಯ್ತಿದ್ವು ರೀ. ನನಗೆ ಕಲಿಸಿದಾಕೆಯ ಅಜ್ಜಿ ಕಾಲಕ್ಕೆ ಒಂದು ಬೀದಿಗೆಲ್ಲ ಒಂದೇ ನಲ್ಲಿ, ಒಂದೇ ಕಕ್ಕಸು. ಕಾಲರಾ ಬಂತು ಅಂದ್ರೆ ಸಾಲುಸಾಲು ಮನೆ ಖಾಲಿ. ಆಮೇಲೆ ಚರಂಡಿ ಕಟ್ಟಿದ್ರು, ಅದೂ ಸಾಹುಕಾರ್ರು ಗೊಣಗಿ ಗೊಣಗಿ. ಮುಂದೆ ಯಾವುದೋ ಯುದ್ಧಕ್ಕೆ ಸಿಪಾಯಿಗಳನ್ನ ಆರಿಸೋಕೆ ಹೋದ್ರೆ ಹುಡುಗ್ರೆಲ್ಲ ಬಡಕಲು. ಆಗ ಸರ್ಕಾರಕ್ಕೆ ಎಚ್ಚರಾಯ್ತು. ಇಸ್ಕೂಲಲ್ಲಿ ಊಟ, ಬಾಣಂತಿ ಮನೆಗೆ ನರ್ಸು. ಈ ದೊಡ್ಡ ಯುದ್ಧ ಮುಗಿದ ಮೇಲೆ ಬಡವರು, ಸಾಹುಕಾರ್ರು ಎಲ್ರನ್ನೂ ಡಾಕ್ಟರು ಪುಕ್ಕಟೆ ನೋಡ್ತಾರೆ."

"ಆ ದೊರೆಗಳು ಇಲ್ಲೇ ದಂಡಿನ ಪಾಳ್ಯದಲ್ಲೇ ಇದ್ರಲ್ಲಮ್ಮ, ಅಷ್ಟು ವರ್ಷ. ನಮ್ಮ ಬಾಗ್ಲಿಗ್ಯಾಕೆ ಯಾರನ್ನೂ ಕಳಿಸ್ಲಿಲ್ಲ?"

ನರ್ಸಮ್ಮ ಆರಿದ ಕಾಫಿಯನ್ನೇ ಊದುತ್ತ ಕುಳಿತರು.

"ನನ್ನ ಮೊದಲನೇದೂ ಹೆಣ್ಣೇ," ಎಂದರು ಅತ್ತೆ. "ಗಲ್ಲದಲ್ಲಿ ಗುಳಿ ಇತ್ತು."

ಆ ಮನೆ ತುಂಬಿದಂದಿನಿಂದ ನಾನು ಈ ಮಾತು ಕೇಳಿರಲಿಲ್ಲ. ನನ್ನ ಗಂಡನಿಗೂ ಗೊತ್ತಿರಲಿಲ್ಲ.

"ಏನು ಹೆಸರಿಟ್ಟಿದ್ರಿ?"

"ಹೆಸರಿಡೋವರೆಗೆ ಎಲ್ಲಿತ್ತು?" ಎಂದವರು, ಸೆರಗು ಸರಿಮಾಡಿಕೊಂಡು, "ಚಿಕ್ಕತಾಯಮ್ಮ ಅಂತ ಅನ್ಕೊಂಡಿದ್ದೆ" ಎಂದರು.

ಮೂರನೇ ತಿಂಗಳಲ್ಲಿ ಮಗಳಿಗೆ ಯಶೋದೆ ಎಂದು ಹೆಸರಿಟ್ಟೆವು. ಅದರ ಹಿಂದಿನ ದಿನ, ಅತ್ತೆ ಅವಳಿಗೆ ಎಣ್ಣೆ ಹಚ್ಚುತ್ತಿದ್ದಾಗ, ಚಿಕ್ಕತಾಯಮ್ಮ ಅಂತಲೇ ಕರೆಯೋಣವಾ ಎಂದು ಮೆಲ್ಲಗೆ ಕೇಳಿದ್ದೆ. ಎಣ್ಣೆಗೈ ಕೂಸಿನ ಎದೆಯ ಮೇಲೆ ಹಾಗೇ ನಿಂತಿತು.

"ಬ್ಯಾಡ ಕಣೇ," ಎಂದರು. "ಅದು ಅವಳದು."