ಬಾಗಲಗುಂಟೆಯ ಎರಡು ಕಲ್ಲು

"ಇನ್ನೊಂದ್ಸಲ ತಳ್ರೋ! ಗೇಟ್ ದಾಟುದ್ರೆ ಆಯ್ತು!" ಎಂದು ಅನಂತರಾಜು ಕೂಗಿದರು.

ಆರು ಜನ ಭುಜ ಕೊಟ್ಟರು. ಹಳೆಯ ಪದ್ಮಿನಿ ಕಾರು ಗೇಟಿನವರೆಗೆ ಏರಿ, ಅಲ್ಲಿ ಸ್ವಲ್ಪ ಯೋಚಿಸಿ, ಮತ್ತೆ ಅಂಗಳಕ್ಕೇ ಜಾರಿ ಬಂತು. ಚುನಾವಣೆಗೊಮ್ಮೆ ಡಾಂಬರು ಸುರಿದೂ ಸುರಿದೂ ಶೆಟ್ಟಿಹಳ್ಳಿಯ ಆ ರಸ್ತೆ ಎತ್ತರವಾಗಿ, ಮನೆಯ ಅಂಗಳ ಎರಡಡಿ ಕೆಳಗೆ ಉಳಿದಿತ್ತು. ಕಾರು ಹೊರಗೆ ಹೋಗದೆ ಹೆಣ ಮಲಗಿಸಲು ಜಾಗವಿರಲಿಲ್ಲ. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಬೆಳಗಿನ ಜಾವ ತೀರಿಕೊಂಡ ಮುನಿರಾಮಯ್ಯನವರು, ತಮ್ಮ ಕಾರು ದಾರಿ ಬಿಡಲಿ ಎಂದು ರಸ್ತೆಯಲ್ಲಿ ಆಂಬುಲೆನ್ಸಿನೊಳಗೆ ಕಾಯುತ್ತಿದ್ದರು.

"ಇಂಗ್ ತಳ್ಳುದ್ರೆ ಸಂಜೆ ಆಯ್ತದೆ. ನಿರಂಜನ್, ಬೇರೆ ಏನಾದ್ರೂ ಮಾಡೋ," ಎಂದು ಅನಂತರಾಜು ಮಗನಿಗೆ ಹೇಳಿದರು. ಅವರು ಸತ್ತವರ ತಮ್ಮ. ಊರಿನ ಜಮೀನೆಲ್ಲ ಸೈಟಾದ ಮೇಲೆ ಬಿಲ್ಡರ್ ಆದವರು. ಜನರಿಂದ ಕೆಲಸ ಮಾಡಿಸುವ ದನಿ ಸಾವಿನ ಮನೆಯಲ್ಲೂ ಹಾಗೇ ಇತ್ತು.

"ಬ್ಯಾಟ್ರಿ ವೀಕಾಗಿದೆ ಅಪ್ಪಾ, ಎಂಜಿನ್ ತಿರುಗಲ್ಲ. ಮತ್ತಿಕೆರೆ ನೂರುಲ್ಲಾಗೆ ಫೋನ್ ಮಾಡಿದೀನಿ, ಬೇರೇದು ತರ್ತಿದಾರೆ. ಅಷ್ಟರಲ್ಲಿ ಇದನ್ನ ಬಿಚ್ಚಿಟ್ಟಿರ್ತೀನಿ."

ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ವರಲಕ್ಷ್ಮಮ್ಮ ಕೂತಿದ್ದರು. ಗಂಡ ಸತ್ತದ್ದು ಅವರಿಗೆ ಗೊತ್ತಿತ್ತು, ಆದರೆ ಆ ಗೊತ್ತಿರುವಿಕೆ ಇನ್ನೂ ಒಳಗೆ ಇಳಿದಿರಲಿಲ್ಲ. "ಅತ್ತುಬಿಡಿ ಅಕ್ಕ, ಹಗುರಾಗುತ್ತೆ" ಎಂದು ಅಕ್ಕಪಕ್ಕದ ಹೆಂಗಸರು ಬೆಳಗಿನಿಂದ ಹೇಳಿ ಹೇಳಿ ಸುಸ್ತಾಗಿದ್ದರು. ಅವರಿಗೆ ಅಳು ಬರುತ್ತಿರಲಿಲ್ಲ. ಯಾರೋ ಕೈಗೆ ಕೊಟ್ಟ ಕಾಫಿ ಅಲ್ಲೇ ಆರಿ ಕೆನೆಗಟ್ಟಿತ್ತು. ನಿರಂಜನ ಬಾನೆಟ್ ಎತ್ತಿ ಸ್ಪ್ಯಾನರ್ ಇಟ್ಟದ್ದು ಕಂಡಾಗ ಮಾತ್ರ ಅವರು ಎದ್ದು ನಿಂತರು.

"ಬ್ಯಾಟ್ರಿ ತೆಗೀಬೇಡ್ವೋ!"

ಬೆಳಗಿನಿಂದ ಅವರ ಬಾಯಿಂದ ಬಂದ ಮೊದಲ ಮಾತು ಅದು. ಅಂಗಳವೆಲ್ಲ ತಿರುಗಿ ನೋಡಿತು. ಅಷ್ಟರಲ್ಲಿ ನಿರಂಜನ ಎರಡೂ ವೈರು ಬಿಚ್ಚಿಯಾಗಿತ್ತು.

"ಯಾಕೆ ದೊಡ್ಡಮ್ಮಾ?"

ವರಲಕ್ಷ್ಮಮ್ಮ ಮತ್ತೆ ಕುರ್ಚಿಯಲ್ಲಿ ಕೂತರು.

"ಅವರ ಕೈ ಮುಟ್ಟಿದ ಕಾರಲ್ವಾ, ಸಂಕಟ," ಎಂದು ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

*

ಮುನಿರಾಮಯ್ಯನವರು ಮೂವತ್ತೆರಡು ವರ್ಷ ಮೀಟರ್ ತಯಾರಿಸುವ ಕಾರ್ಖಾನೆಯ ತಪಾಸಣೆ ಕೋಣೆಯಲ್ಲಿದ್ದರು. ಕೂದಲೆಳೆಯಷ್ಟು ತಪ್ಪು ತೋರಿಸಿದ ಮೀಟರನ್ನೂ ವಾಪಸ್ ಕಳಿಸುವುದೇ ಅವರ ಕೆಲಸ. ರಿಟೈರ್ ಆದ ಮೇಲೆ ಕಳಿಸಲು ಏನೂ ಇಲ್ಲದೆ ಮನೆಯ ಗಡಿಯಾರ, ತೂಕದ ಯಂತ್ರ, ಹಾಲಿನವನ ಅಳತೆ ಎಲ್ಲವನ್ನೂ ಪರೀಕ್ಷಿಸಿ ಮುಗಿಸಿದರು. ಕೊನೆಗೆ ಎಂಬತ್ತಾರನೇ ಇಸವಿಯ ಕಾರಿನ ಮೇಲೆ ಕಣ್ಣು ಬಿತ್ತು.

"ಈಗಿನ ಕಾರುಗಳಲ್ಲಿ ಟ್ರಿಪ್ ಕಂಪ್ಯೂಟರ್ ಇರುತ್ತೆ ಕಣೇ. ಎಷ್ಟು ದೂರ ಬಂದ್ವಿ, ಲೀಟರ್‌ಗೆ ಎಷ್ಟು ಕೊಡ್ತು, ಇನ್ನೆಷ್ಟು ದೂರಕ್ಕೆ ಪೆಟ್ರೋಲ್ ಇದೆ, ಎಲ್ಲಾ ಹೇಳುತ್ತೆ. ನಮ್ ಕಾರು ಏನ್ ಪಾಪ ಮಾಡಿದೆ?"

ಆಟೋ ಎಲೆಕ್ಟ್ರಿಷಿಯನ್ ನೂರುಲ್ಲಾನನ್ನು ಕಟ್ಟಿಕೊಂಡು ನಾಲ್ಕು ತಿಂಗಳ ಭಾನುವಾರಗಳನ್ನು ಅದಕ್ಕೇ ಸುರಿದರು. ಸ್ಪೀಡೋಮೀಟರ್ ಕೇಬಲ್ಲಿಗೆ ಒಂದು ಸೆನ್ಸರ್, ಪೆಟ್ರೋಲ್ ಪೈಪಿಗೆ ಇನ್ನೊಂದು. ಸಿಗರೇಟ್ ಬೂದಿ ಉದುರಿಸುವ ಗೂಡಿನಲ್ಲಿ ಹಸಿರು ಅಂಕಿಯ ಪುಟ್ಟ ಪರದೆ ಕೂತಿತು. ಸಿಗರೇಟು ಮುಟ್ಟದ ಮನುಷ್ಯನಿಗೆ ಆ ಗೂಡು ಕೊನೆಗೂ ಉಪಯೋಗಕ್ಕೆ ಬಂತು.

ಉಳಿದದ್ದು, ಒಂದು ಕಿಲೋಮೀಟರ್ ಎಂದರೆ ಎಷ್ಟು ಎಂದು ಆ ಯಂತ್ರಕ್ಕೆ ಕಲಿಸುವುದು. ಹೆಸರಘಟ್ಟ ರಸ್ತೆಯಲ್ಲಿ, ಬಾಗಲಗುಂಟೆಯ ಹತ್ತಿರ, ಒಂದಾದ ಮೇಲೊಂದು ಉಳಿದಿದ್ದ ಮೈಲಿಗಲ್ಲುಗಳು ಎರಡೇ. ಅವುಗಳ ನಡುವೆ ಸರಿಯಾಗಿ ಒಂದು ಕಿಲೋಮೀಟರ್. ಮೊದಲ ಕಲ್ಲಿಗೆ ಗುಂಡಿ ಒತ್ತಬೇಕು, ಎರಡನೆಯದಕ್ಕೆ ಮತ್ತೆ ಒತ್ತಬೇಕು.

"ನಾನು ರಸ್ತೆ ನೋಡ್ಬೇಕು, ಕಲ್ಲು ನೀನು ನೋಡು. ಕಿಟಕಿ ನೇರಕ್ಕೆ ಬಂದ ತಕ್ಷಣ 'ಬಂತು' ಅನ್ನು. ಒಂದ್ಸಲ ಕಲಿಸಿದ್ರೆ ಆಯ್ತು. ಬ್ಯಾಟ್ರಿ ವೈರ್ ಬಿಚ್ಚಿದ್ರೆ ಮಾತ್ರ ಎಲ್ಲಾ ಮರೆತುಬಿಡುತ್ತೆ, ಯಾರಿಗೂ ಮುಟ್ಟಕ್ಕೆ ಬಿಡ್ಬೇಡ."

ಮೊದಲ ಕಲ್ಲಿಗೆ ವರಲಕ್ಷ್ಮಮ್ಮ ಸರಿಯಾಗಿಯೇ ಹೇಳಿದರು. ಎರಡನೆಯದರ ಎದುರಿಗೆ ಒಂದು ಕಲ್ಯಾಣ ಮಂಟಪವಿತ್ತು. ಅದು ಅವರ ಅಪ್ಪನ ದ್ರಾಕ್ಷಿ ತೋಟವಾಗಿದ್ದ ಜಾಗ. ಬಾವಿ ಎಲ್ಲಿತ್ತು, ಊಟದ ಮನೆಯ ಕೆಳಗೋ ಪಾರ್ಕಿಂಗ್ ಕೆಳಗೋ ಎಂದು ಲೆಕ್ಕ ಹಾಕುತ್ತ ನೋಡುತ್ತಿದ್ದಾಗ ಕಲ್ಲು ಹಿಂದೆ ಹೋಗಿತ್ತು. ಎಚ್ಚರವಾದಾಗ ಕಿಟಕಿಯಲ್ಲಿ ಬೇಕರಿ ಕಂಡಿತು.

"ಬಂತು," ಎಂದರು.

ಮುನಿರಾಮಯ್ಯನವರು ಗುಂಡಿ ಒತ್ತಿದರು. "ಸರಿಯಾಗ್ ಹೇಳ್ದೆ ತಾನೆ?"

"ಹ್ಞೂಂ."

"ಶಭಾಷ್!" ಎಂದು ಅವರು ಸ್ಟಿಯರಿಂಗ್ ತಟ್ಟಿದರು. ಅಷ್ಟು ಸಂತೋಷವಾಗಿದ್ದ ಮುಖಕ್ಕೆ ಏನು ಹೇಳುವುದು?

ಅಂದಿನಿಂದ ಕಂಪ್ಯೂಟರ್ ದೂರವನ್ನು ಕಡಿಮೆ ತೋರಿಸಿತು, ಮೈಲೇಜೂ ಲೀಟರಿಗೆ ಒಂದು ಕಿಲೋಮೀಟರಿನಷ್ಟು ಇಳಿಯಿತು. ಮದುವೆ, ನಾಮಕರಣ ಎಲ್ಲಿ ಸಿಕ್ಕರೂ ಅನಂತರಾಜು ಬಿಡುತ್ತಿರಲಿಲ್ಲ. "ನಮ್ಮಣ್ಣ ಕಂಪ್ಯೂಟ್ರು ಹಾಕುದ್ಮೇಲೆ ಕಾರ್‌ಗೆ ಹಸಿವು ಜಾಸ್ತಿ ಆಗದೆ ಕಣ್ರೀ!" ಎಲ್ಲರೂ ನಗುತ್ತಿದ್ದರು, ಮುನಿರಾಮಯ್ಯನವರೂ ನಗುತ್ತಿದ್ದರು. ವರಲಕ್ಷ್ಮಮ್ಮ ತಲೆ ತಗ್ಗಿಸಿ ಊಟ ಮಾಡುತ್ತಿದ್ದರು. ಇವತ್ತು ಹೇಳಬೇಕು, ನಾಳೆ ಹೇಳಬೇಕು ಎನ್ನುತ್ತ ಆರು ವರ್ಷ ಕಳೆಯಿತು. ಗಂಡ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಖಂಡಿತ ಹೇಳಿಬಿಡುತ್ತೇನೆ ಎಂದುಕೊಂಡಿದ್ದರು. ಅವರು ಮನೆಗೆ ಬಂದದ್ದು ಈ ದಿನ.

*

ಸ್ಕೂಟರಿನ ಮುಂದೆ ಬ್ಯಾಟರಿ ಇಟ್ಟುಕೊಂಡು ನೂರುಲ್ಲಾ ಬಂದ. ಮೊದಲು ಆಂಬುಲೆನ್ಸಿನ ಬಳಿ ಹೋಗಿ ನಿಂತು, ಆಮೇಲೆ ಕಾರಿಗೆ ಕೈ ಹಾಕಿದ. ವರಲಕ್ಷ್ಮಮ್ಮ ಬಾನೆಟ್ ಪಕ್ಕಕ್ಕೆ ಬಂದರು.

"ಕಲಿಸಿದ್ದೆಲ್ಲ ಮರೆತುಹೋಯ್ತಲ್ಲಪ್ಪಾ."

"ಏನೂ ಹೋಗಲ್ಲಮ್ಮ. ಒಳಗಡೆ ಇನ್ನೊಂದು ಸಣ್ಣ ಬ್ಯಾಟ್ರಿ ಇದೆ. ದೊಡ್ಡದು ಬಿಚ್ಚಿದ್ರೂ ನಂಬರ್ ಅಳಿಸಬಾರ್ದು ಅಂತ ಅಣ್ಣಾನೇ ಹಾಕ್ಸಿದ್ರು."

"ಯಾವಾಗ? ಯಾಕೆ?"

ಅಷ್ಟರಲ್ಲಿ ಎಂಜಿನ್ ಕೆಮ್ಮಿ ಸ್ಟಾರ್ಟ್ ಆಯಿತು. ಕಾರು ಒಂದೇ ಉಸಿರಿಗೆ ರಸ್ತೆ ಹತ್ತಿತು, ಮುನಿರಾಮಯ್ಯನವರು ಅಂಗಳಕ್ಕೆ ಇಳಿದರು. ತಲೆಯ ಬಳಿ ದೀಪ, ಕೊರಳಿಗೆ ಹಾರ, ಬಾಯಿಗೆ ಹಾಲು. ಗೇಟಿನ ಹೊರಗೆ ತಮಟೆ ಶುರುವಾಯಿತು. ಎಲ್ಲರೂ ಹೇಳಿದ್ದನ್ನೆಲ್ಲ ವರಲಕ್ಷ್ಮಮ್ಮ ಮಾಡಿದರು. ಅವರ ಕೈಗಳು ಬೇರೆ ಯಾರದೋ ಕೈಗಳಾಗಿದ್ದವು.

ಹೂವಿನ ವ್ಯಾನಿಗೆ ಹೆಣ ಏರಿಸಿದಾಗ ಅವರು ನೇರ ಹೋಗಿ ಕಾರಿನ ಮುಂದಿನ ಸೀಟಿನಲ್ಲಿ ಕೂತರು.

ಅನಂತರಾಜು ಓಡಿ ಬಂದರು. "ಅತ್ಗೆ, ನಮ್ಮಲ್ಲಿ ಹೆಂಗಸ್ರು ಅಲ್ಲಿಗ್ ಬರಲ್ಲ."

"ಒಳಗ್ ಬರಲ್ಲ. ಗೇಟ್ ಹತ್ರ ಕಾರಲ್ಲೇ ಕೂತಿರ್ತೀನಿ."

"ಜನ ಏನಂತಾರೆ?"

"ಅನ್ಲಿ ಬಿಡು. ನೂರುಲ್ಲಾ, ನಡಿಯಪ್ಪ."

*

ವ್ಯಾನಿನಿಂದ ಪುರಿ, ಹೂವು ರಸ್ತೆಗೆ ಬೀಳುತ್ತಿತ್ತು. ಹಿಂದೆ ಕಾರು ಮೆಲ್ಲಗೆ ಸಾಗಿತು. ಹೆಸರಘಟ್ಟ ರಸ್ತೆಗೆ ತಿರುಗಿದ ಮೇಲೆ ವರಲಕ್ಷ್ಮಮ್ಮ ಹೇಳಿದರು, "ಆ ನಂಬರ್ ತಪ್ಪು. ನಾನು ಕಲ್ಲು ದಾಟಿದ್ಮೇಲೆ ಬಂತು ಅಂದಿದ್ದು. ಸರಿಯಾಗ್ ಹೇಳ್ದೆ ಅಂತ ಸುಳ್ಳೂ ಹೇಳ್ದೆ. ಅವರಿಗೆ ಹೇಳ್ಲೇ ಇಲ್ಲ."

ನೂರುಲ್ಲಾ ಗೇರ್ ಇಳಿಸಿ ವ್ಯಾನಿನಿಂದ ಸ್ವಲ್ಪ ಹಿಂದೆ ಉಳಿದ.

"ಅಣ್ಣನಿಗೆ ಗೊತ್ತಿತ್ತಮ್ಮ."

ಅವರು ತಿರುಗಿ ನೋಡಿದರು.

"ಮಾರನೇ ವಾರಾನೇ ನನ್ನ ಕರ್ಕೊಂಡು ಬಂದು ಟೇಪ್ ಹಿಡಿಸಿದ್ರು. ಕಲ್ಲಿಂದ ಬೇಕರಿಗೆ ಎಂಬತ್ತು ಮೀಟರ್. ಐದ್ ನಿಮಿಷದ ಕೆಲ್ಸ ಅಣ್ಣ, ಸರಿ ಮಾಡ್ಬಿಡ್ತೀನಿ ಅಂದೆ. ಬೇಡ ಅಂದ್ರು. 'ಅಲ್ಲಿ ಅವರಪ್ಪನ ತೋಟ ಇತ್ತು ಕಣೋ, ನೋಡ್ತಾ ಕೂತಿದ್ಲು. ಅವಳು ಎಲ್ಲಿ ಬಂತು ಅಂದ್ಲೋ ಅಲ್ಲಿಗೇ ಒಂದು ಕಿಲೋಮೀಟ್ರು' ಅಂದ್ರು. ಆ ಸಣ್ಣ ಬ್ಯಾಟ್ರಿ ಅವತ್ತೇ ಹಾಕ್ಸಿದ್ದು."

"ಅಷ್ಟೊಂದ್ ಜನ ನಗ್ತಿದ್ರಲ್ಲೋ..."

"ಹ್ಞೂಂ ಅಮ್ಮ."

ವರಲಕ್ಷ್ಮಮ್ಮ ಮುಂದೆ ನೋಡಿದರು. ಎದೆಯಲ್ಲಿ ಬೆಳಗಿನಿಂದ ಕಲ್ಲಾಗಿದ್ದುದು ಕರಗಲಿಲ್ಲ, ಆದರೆ ನೋಯತೊಡಗಿತು. ಮೊದಲ ಕಲ್ಲು ಬಂದಾಗ ತಾವೇ ಕೈ ಚಾಚಿ ದೂರವನ್ನು ಸೊನ್ನೆ ಮಾಡುವ ಗುಂಡಿ ಒತ್ತಿದರು. ಅಂಕಿ ಸೊನ್ನೆಗೆ ಬಂತು.

ವ್ಯಾನು ನಿಧಾನವಾಗಿ ಹೋಗುತ್ತಿತ್ತು. ಕಲ್ಯಾಣ ಮಂಟಪದಲ್ಲಿ ಯಾರದೋ ಮದುವೆಗೆ ಚಪ್ಪರ ಕಟ್ಟುತ್ತಿದ್ದರು. ಎರಡನೆಯ ಕಲ್ಲು ಕಿಟಕಿಯ ನೇರಕ್ಕೆ ಬಂದು ಹಿಂದೆ ಸರಿಯಿತು. ಪರದೆಯ ಮೇಲೆ 0.9 ಇತ್ತು.

ಬೇಕರಿಯ ಮುಂದೆ ಬನ್ನಿನ ಟ್ರೇ ಇಳಿಸುತ್ತಿದ್ದವನು ಹೆಣ ಕಂಡು ಟ್ರೇ ಕೆಳಗಿಟ್ಟು ಕೈಮುಗಿದ. 0.9 ಹೋಗಿ 1.0 ಆಯಿತು.

"ಬಂತು," ಎಂದರು ವರಲಕ್ಷ್ಮಮ್ಮ.