ಕರುಳು ಅಂದರೆ

ಕೊಡೆಯ ಚಿತ್ರ ಅರ್ಧ ಬಂದು ನಿಂತುಬಿಟ್ಟಿತು. ಮೇಲಿನ ಕಪ್ಪು ಬಟ್ಟೆಯಷ್ಟೇ ಕಂಪ್ಯೂಟರಿನ ಪರದೆಯ ಮೇಲೆ ತೂಗುತ್ತಿತ್ತು. ಕೆಳಗಿನ ಕೋಲು, ಹಿಡಿಕೆ ಯಾವುದೂ ಇಲ್ಲ. "ಇದು..." ಎಂದು ಸ್ಪೀಕರಿನೊಳಗಿಂದ ಟೈಲರಮ್ಮನದೇ ದನಿ ಶುರುವಾಗಿ, ಗಂಟಲು ಕಟ್ಟಿದವರಂತೆ ಅಲ್ಲೇ ತಡವರಿಸಿತು. ಮೇಜಿನ ಕೆಳಗಿನ ಡಬ್ಬಿಯಿಂದ ಕಟ್, ಕಟ್, ಕಟ್ ಎಂದು ಸದ್ದು ಬಂತು. ಆಮೇಲೆ ಪರದೆಯೆಲ್ಲ ನೀಲಿಯಾಯಿತು.

ಕೊಡೆಯ ಹೆಸರು ಹೇಳಲೆಂದು ಬಾಯಿ ತೆರೆದಿದ್ದ ಮೇಷ್ಟ್ರು ಬಾಯಿ ಮುಚ್ಚಿದರು. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಆ ಸದ್ದಿಗೆ ಕಿವಿಗೊಟ್ಟರು. ಟೈಲರಮ್ಮ ಗುಂಡಿ ಒತ್ತಿ ಆರಿಸಿದಳು, ಮತ್ತೆ ಹಚ್ಚಿದಳು. ಮತ್ತೆ ಅದೇ ಕಟ್, ಕಟ್. ಈ ಸಲ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದೇ ಒಂದು ಸಾಲು ಬಂದು ಮಿಣುಕುತ್ತ ನಿಂತಿತು.

ಒಂದು ಕಾಲದಲ್ಲಿ ಮೇಷ್ಟ್ರು ದೊಡ್ಡ ಬೀದಿಯ ಮಹಡಿಯೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದವರು. ಅಕ್ಕಪಕ್ಕದ ಮನೆಗಳಲ್ಲಿ ಕೆಟ್ಟು ಕೂತ ಕಂಪ್ಯೂಟರುಗಳೆಲ್ಲ ಅವರ ಕೈಯಲ್ಲೇ ಎದ್ದು ಓಡಾಡುತ್ತಿದ್ದವು. ಈ ಡಬ್ಬಿಯನ್ನಂತೂ ಒಂದೊಂದೇ ಭಾಗ ತಂದು ಅವರೇ ಜೋಡಿಸಿದ್ದು. ಹೋದ ವರ್ಷ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದವರು ಮನೆಗೆ ಬರುವಷ್ಟರಲ್ಲಿ ಬಲಗೈಯಲ್ಲಿ ಶಕ್ತಿ ಇರಲಿಲ್ಲ, ಮಾತು ಕಲಸಿಹೋಗಿತ್ತು. ಒಂದು ಮಾತಿಗೆ ಕೈ ಹಾಕಿದರೆ ಇನ್ನೊಂದು ಕೈಗೆ ಬರುತ್ತಿತ್ತು. ಬಾಯಾರಿದಾಗ "ಕಿಟಕಿ" ಎನ್ನುತ್ತಿದ್ದರು. ಮಾತೇನೂ ಹೋಗಿಲ್ಲ, ಅಲ್ಲಿಗೆ ಹೋಗುವ ದಾರಿ ಕೆಟ್ಟಿದೆ ಅಷ್ಟೇ ಎಂದು ಡಾಕ್ಟರು ಸಮಾಧಾನ ಹೇಳಿದ್ದರು. ಮಾತು ಕಲಿಸುವ ಹುಡುಗಿಯೊಬ್ಬಳು ಕೆಲವು ತಿಂಗಳು ಮನೆಗೆ ಬಂದು, ಈ ಕಂಪ್ಯೂಟರಿನಲ್ಲೇ ನೂರಾರು ಚಿತ್ರ ಹಾಕಿ, ಒಂದೊಂದಕ್ಕೂ ಟೈಲರಮ್ಮನ ದನಿಯಲ್ಲಿ ಹೆಸರು ತುಂಬಿಸಿ ಕೊಟ್ಟಿದ್ದಳು. ಆಮೇಲೆ ಮದುವೆಯಾಗಿ ಯಾವುದೋ ದೂರದ ಊರು ಸೇರಿದಳು. ಅಂದಿನಿಂದ ದಿನಾ ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಪರದೆಯ ಮುಂದೆ ಕೂತು ಲೋಟ, ಕುರ್ಚಿ, ಬಾಚಣಿಗೆ ಎಂದು ಒಪ್ಪಿಸುವುದು ತಪ್ಪಿರಲಿಲ್ಲ. ಇದೊಂದು ನಿಂತರೆ ಇರುವ ನಾಲ್ಕು ಮಾತೂ ಅವರ ಬಾಯಿಂದ ಜಾರಿಹೋಗುತ್ತವೆ ಎಂಬ ಭಯ ಟೈಲರಮ್ಮನ ಎದೆಯಲ್ಲಿ ಗಟ್ಟಿಯಾಗಿ ಕೂತಿತ್ತು.

ಅವಳು ಆ ಬಿಳಿ ಸಾಲನ್ನೇ ನೋಡುತ್ತ ನಿಂತಿರುವಾಗ ನಾದಿನಿ ಬಂದಳು. ಹಿಂದಿನ ಬೀದಿಯಲ್ಲೇ ಮನೆ. ಅಣ್ಣನಿಗೆ ಹುಷಾರು ತಪ್ಪಿದ ಮೇಲೆ ದಿನ ಬಿಟ್ಟು ದಿನ ಬಂದು ಹೋಗುವವಳು. ಮನಸ್ಸು ಒಳ್ಳೆಯದೇ, ಆದರೆ ಯಾವುದನ್ನು ನೋಡಿದರೂ ಅದನ್ನು ಅಲ್ಲಿಂದ ಎತ್ತಿ ಇಲ್ಲಿ ಇಡಬೇಕು ಅನ್ನಿಸುವ ಸ್ವಭಾವ.

"ಅತ್ತಿಗೆ, ಇದನ್ನ ಗುಜರಿಗೆ ಹಾಕಿ. ಆ ಜಾಗಕ್ಕೆ ಒಂದು ಒರಗು ಕುರ್ಚಿ ತಂದ್ರೆ ಅಣ್ಣ ಆರಾಮಾಗಿ ಕೂತ್ಕೋತಾನೆ. ಈಗ ಅವನಿಗೆ ಕಂಪ್ಯೂಟರ್ ಕಟ್ಕೊಂಡು ಏನಾಗ್ಬೇಕು, ಏನು ಅರ್ಥ ಆಗುತ್ತೆ ಪಾಪ" ಎಂದಳು. ಆಮೇಲೆ ಅಣ್ಣನ ಕಡೆ ತಿರುಗಿ, ಹೊಳೆಯ ಆಚೆ ದಡದಲ್ಲಿ ಇರುವವರನ್ನು ಕೂಗುವಂತೆ, ಕಾಫಿ ಕುಡಿದೆಯಾ ಎಂದು ಕೇಳಿದಳು.

ಮೇಷ್ಟ್ರು ಅವಳನ್ನು ಒಂದು ಗಳಿಗೆ ನೋಡಿ, "ಮಂಗಳವಾರ" ಎಂದರು.

ನೋಡಿದ್ರಾ ಎಂಬಂತೆ ನಾದಿನಿ ಅತ್ತಿಗೆಯತ್ತ ಕಣ್ಣು ಹಾಯಿಸಿದಳು. ಗುಜರಿಯವನಿಗೆ ತಾನೇ ಹೇಳುತ್ತೇನೆ, ಸಂಜೆ ಬಂದು ಒಯ್ಯುತ್ತಾನೆ ಎಂದು ಹೇಳಿ, ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆ ಎಂದು ಹೊರಟೇಹೋದಳು.

ಟೈಲರಮ್ಮ ಡಬ್ಬಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ಕೆಟ್ಟ ಯಂತ್ರವನ್ನು ಒಳಗೆ ಏನಾಗಿದೆ ಎಂದು ನೋಡದೆ ಮನೆಯಿಂದ ಆಚೆ ಕಳಿಸುವುದು ಅವಳ ಜಾಯಮಾನವಲ್ಲ. ತನ್ನ ಹೊಲಿಗೆ ಯಂತ್ರವನ್ನು ಎಷ್ಟು ಸಲ ಬಿಚ್ಚಿ ಎಣ್ಣೆ ಬಿಟ್ಟು ಜೋಡಿಸಿಲ್ಲ. ದಾರ ಯಾಕೆ ತುಂಡಾಗುತ್ತದೆ, ಗಂಟು ಎಲ್ಲಿ ಬೀಳುತ್ತದೆ ಎಂದು ಹುಡುಕುವಾಗ ಅವಳಿಗೆ ಊಟದ ಪರಿವೆಯೂ ಇರುತ್ತಿರಲಿಲ್ಲ. ಈ ಡಬ್ಬಿ ಮಾತ್ರ ಮೇಷ್ಟ್ರ ಸಾಮ್ರಾಜ್ಯ ಎಂದು ಅದರ ತಂಟೆಗೆ ಹೋಗಿರಲಿಲ್ಲ.

"ಏನಂತೆ ಇದಕ್ಕೆ?" ಎಂದು ತನಗೆ ತಾನೇ ಎಂಬಂತೆ ಕೇಳಿದಳು.

"ಕರುಳು" ಎಂದರು ಮೇಷ್ಟ್ರು.

ಹೊಟ್ಟೆ ನೋವು ಶುರುವಾಗಿದೆ ಅಂದುಕೊಂಡು ಅವಳು ಒಳಗೆ ಓಡಿ ಔಷಧಿಯ ಸೀಸೆ, ಚಮಚ ತಂದಳು. ಮೇಷ್ಟ್ರು ತುಟಿ ಬಿಗಿದರು. ಅವಳು ಮಗುವಿಗೆ ಹೇಳುವಂತೆ ಪುಸಲಾಯಿಸಿದಳು. ಅವರು ಎಡಗೈಯಿಂದ ಚಮಚ ತಳ್ಳಿದ ರಭಸಕ್ಕೆ ಔಷಧಿಯೆಲ್ಲ ನೆಲದ ಪಾಲಾಯಿತು. "ಕರುಳು, ಕರುಳು" ಎಂದು ಇನ್ನೆರಡು ಸಲ ಹೇಳಿ, ಕುರ್ಚಿಯ ಕೈ ಹಿಡಿದು ಮೆಲ್ಲಗೆ ನೆಲಕ್ಕೆ ಜಾರಿ ಕೂತರು. ಬಿದ್ದರೇನೋ ಎಂದು ಅವಳು ಕೈ ಚಾಚಿ ಬಗ್ಗಿದಳು. ಬಿದ್ದಿರಲಿಲ್ಲ. ಡಬ್ಬಿಯ ಪಕ್ಕಕ್ಕೆ ಸರಿದು, ಬಾಗಿಲು ತಟ್ಟುವವರಂತೆ ಅದರ ಮಗ್ಗುಲನ್ನು ಗೆಣ್ಣಿನಿಂದ ಬಡಿದರು.

ಟೈಲರಮ್ಮ ಹೊಲಿಗೆ ಯಂತ್ರದ ಡ್ರಾಯರಿನಿಂದ ತಿರುಪುಳಿ ತಂದಳು. ಗೋಡೆಯ ಪ್ಲಗ್ ಕಿತ್ತು ಮಗ್ಗುಲ ತಗಡು ಬಿಚ್ಚಿದಾಗ ಒಳಗಿನ ಧೂಳು ಹಿಂಜಿದ ಹತ್ತಿಯ ಹಾಗೆ ಮುದ್ದೆಮುದ್ದೆಯಾಗಿ ಹೊರಗೆ ಬಿತ್ತು. ಒಳಗೆ ಬೂದು ಬಣ್ಣದ ಚಪ್ಪಟೆ ಪಟ್ಟಿಗಳು ಮಡಿಕೆ ಮಡಿಕೆಯಾಗಿ, ಒಂದರ ಮೇಲೊಂದು ಸುತ್ತಿಕೊಂಡು ಕೂತಿದ್ದವು. ಅವಳು ಅದನ್ನು ನೋಡಿದಳು, ಗಂಡನನ್ನು ನೋಡಿದಳು.

"ಕರುಳು ಅಂದ್ರೆ ಇದಾ?"

ಮೇಷ್ಟ್ರು ಕಣ್ಣು ಮುಚ್ಚಿ ಉಸಿರು ಬಿಟ್ಟರು. ಬಹಳ ಹೊತ್ತು ಬಾಗಿಲ ಹೊರಗೆ ನಿಂತು ಕೊನೆಗೆ ಒಳಗೆ ಬಂದವರ ಮುಖ ಅದು.

ಅವಳಿಗೆ ನಗು ತಡೆಯಲಾಗಲಿಲ್ಲ, ನಗುತ್ತಲೇ ಏನೋ ಹೊಳೆದು ಕತ್ತೆತ್ತಿ ಕಿಟಕಿಯ ಕಡೆ ನೋಡಿದಳು. ನೀರಿನ ಹೂಜಿ ಕಿಟಕಿಯ ಕಟ್ಟೆಯ ಮೇಲಿತ್ತು. ಈ ಮನೆಗೆ ಬಂದಾಗಿನಿಂದ ಅದು ಇರುವುದೇ ಅಲ್ಲಿ. ಕಿಟಕಿ ಅಲ್ಲ ರೀ, ನೀರು, ಹೇಳಿ, ನೀರು ಎಂದು ಅವಳು ವರ್ಷವಿಡೀ ತಿದ್ದಿದ್ದೇ ತಿದ್ದಿದ್ದು. ಯಾಕೆ ಕಿಟಕಿ ಎಂದು ಒಂದು ದಿನವೂ ಕೇಳಿರಲಿಲ್ಲ.

ಆಮೇಲೆ ಕೆಲಸ ಒಂದು ಹದಕ್ಕೆ ಬಂತು. ಬುದ್ಧಿ ಅವರದು, ಕೈ ಇವಳದು. ಹಾರ್ಡ್ ಡಿಸ್ಕಿನಿಂದ ಹೊರಟ ಪಟ್ಟಿಯನ್ನು ಮೇಷ್ಟ್ರು ಬೆರಳಲ್ಲಿ ತೋರಿಸಿದರು, ಕಿತ್ತಳು. ಸಿ.ಡಿ. ಹಾಕುವ ಭಾಗದ ಪಟ್ಟಿಯನ್ನು ತೋರಿಸಿದರು, ಅದನ್ನೂ ಕಿತ್ತು, ಕೆಟ್ಟಿರಬಹುದಾದ ಇದರ ಜಾಗಕ್ಕೆ ತಂದಳು. ಯಾವ ಕಡೆ ಕೂರಿಸಬೇಕೆಂದು ಗೊತ್ತಾಗದೆ ತಡಕಾಡುವಾಗ ಪಟ್ಟಿಯ ಅಂಚಿನ ಕೆಂಪು ಗೆರೆಯನ್ನು ಅವರು ಉಗುರಿನಿಂದ ಮೀಟಿ, "ಅಂಚು" ಎಂದರು. ಅದು ಸರಿಯಾದ ಮಾತೇ ಆಗಿತ್ತು. ಇಬ್ಬರೂ ಅದನ್ನು ಗಮನಿಸಲಿಲ್ಲ.

ಪ್ಲಗ್ ಹಾಕಿ ಗುಂಡಿ ಒತ್ತಿದರೆ ಪರದೆ ಬೆಳಗಿತು. ಹಳೆಯ ಚಿತ್ರ, ಹಳೆಯ ಕಡತಗಳು ಎಲ್ಲ ಸಾಲಾಗಿ ಬಂದು ಕೂತವು. ಟೈಲರಮ್ಮ ಗೆದ್ದೆ ಎಂಬ ಹಾಗೆ ಕೈ ಒರೆಸಿಕೊಳ್ಳುತ್ತಿದ್ದಳು. ಮೇಷ್ಟ್ರು ಎಡಗೈ ಎತ್ತಿ ತಡೆದರು. ಅವರ ಕಿವಿ ಇನ್ನೂ ಡಬ್ಬಿಯ ಮೇಲೇ ಇತ್ತು. ಇವಳೂ ಕಿವಿ ನೆಟ್ಟಗೆ ಮಾಡಿ ಕೂತಳು. ಸ್ವಲ್ಪ ಹೊತ್ತು ಸಣ್ಣಗೆ ಗುಂಯ್ ಅನ್ನುತ್ತಿದ್ದದ್ದು ಒಮ್ಮೆ ಬಿಕ್ಕಿತು. ಮತ್ತೊಮ್ಮೆ ಬಿಕ್ಕಿತು. ಆಮೇಲೆ ಕಟ್, ಕಟ್, ಕಟ್. ಪರದೆ ಕಪ್ಪಾಯಿತು. ಪಟ್ಟಿಯ ತಪ್ಪಲ್ಲ, ಕಾಯಿಲೆ ಡಿಸ್ಕಿನ ಒಳಗೇ ಇದೆ ಎಂಬುದು ಅವಳಿಗೂ ಅರ್ಥವಾಯಿತು.

ಮೇಷ್ಟ್ರು ಡಿಸ್ಕಿನ ಮೇಲೆ ಅಂಗೈ ಇಟ್ಟು ಫಕ್ಕನೆ ತೆಗೆದರು. "ಚಳಿ" ಎಂದರು.

ಶಾಲು ತರಲು ಎದ್ದವಳು ಅರ್ಧದಲ್ಲೇ ನಿಂತಳು. ತಿರುಗಿ ಬಂದು ಕೂತು ಕೇಳಿದಳು.

"ಚಳಿ ಆಗ್ತಿರೋದು ನಿಮಗಾ, ಇದಕ್ಕಾ?"

ಮೇಷ್ಟ್ರು ಡಿಸ್ಕನ್ನು ತೋರಿಸಿದರು. ಅವಳು ತಾನೂ ಮುಟ್ಟಿ ನೋಡಿದಳು. ಆಗಷ್ಟೇ ಇಳಿಸಿದ ಇಸ್ತ್ರಿಪೆಟ್ಟಿಗೆಯ ಹಾಗೆ ಸುಡುತ್ತಿತ್ತು. "ಬಿಸಿ ಇದೆಯಲ್ಲ. ಚಳಿ ಅಂತೀರಲ್ಲ... ಚಳಿ ಬೇಕಾ ಇದಕ್ಕೆ?"

"ಬೇಕು" ಎಂದರು. ಬೇಕು ಎಂಬ ಮಾತು ಅಷ್ಟು ನೇರವಾಗಿ ಅವರ ಬಾಯಿಂದ ಬಂದು ಯಾವ ಕಾಲವಾಗಿತ್ತೋ.

ಹೊಲಿಗೆ ಮೂಲೆಯ ಮೇಜಿನ ಫ್ಯಾನನ್ನು ತಂದು, ತೆರೆದ ಡಬ್ಬಿಯ ಹೊಟ್ಟೆಗೇ ಗಾಳಿ ಹೊಡೆಯುವಂತೆ ಇಟ್ಟಳು. ಕತ್ತರಿಸಿ ಬಿಟ್ಟಿದ್ದ ಬಟ್ಟೆಯ ಚೂರುಗಳೆಲ್ಲ ಕೋಣೆಯ ತುಂಬ ಹಾರಾಡಿದವು. ಇಬ್ಬರೂ ನೆಲದ ಮೇಲೆ ಗೋಡೆಗೆ ಒರಗಿ ಡಿಸ್ಕು ತಣ್ಣಗಾಗಲು ಕಾದರು. ಕಾಯುವಾಗ ಅವಳು ಸುಮ್ಮನಿರಲಿಲ್ಲ. ಹೊಸ ಆಟ ಸಿಕ್ಕವಳಂತೆ ಒಂದೊಂದೇ ಕೇಳುತ್ತ ಹೋದಳು. ನನ್ನನ್ನು ಒಂದೊಂದು ಸಲ ಸೂಜಿ ಅಂತ ಕರೀತೀರಲ್ಲ, ನನ್ನ ಕೆಲಸಕ್ಕೋ ನನ್ನ ಬಾಯಿಗೋ ಎಂದು ಕೇಳಿದ್ದಕ್ಕೆ ಮೇಷ್ಟ್ರು ಬಹಳ ಯೋಚಿಸಿ ಎರಡು ಬೆರಳು ತೋರಿಸಿದರು. ಮಂಗಳವಾರ ಯಾಕೆ ಎಂದು ಕೇಳಿದ್ದಕ್ಕೆ ಮಾತ್ರ ಮೀಸೆಯಡಿ ನಕ್ಕರು. ಅದು ತಪ್ಪಿ ಬಂದ ಮಾತೋ, ತಂಗಿಯನ್ನು ಸಾಗಹಾಕಲು ಬೇಕೆಂದೇ ಆಡಿದ್ದೋ ಅವಳಿಗೆ ತಿಳಿಯಲೇ ಇಲ್ಲ.

ಈ ಸಲ ಹಚ್ಚಿದಾಗ ಡಿಸ್ಕು ಎದ್ದಿತು. ಆದರೆ ಆಗಾಗ ಬಿಕ್ಕುತ್ತಲೇ ಇತ್ತು. ಎಷ್ಟು ಹೊತ್ತು ಬಾಳುತ್ತದೆ ಎಂದು ಕೇಳಿದಳು. ಮೇಷ್ಟ್ರು ಅಂಗೈಯನ್ನು ಗಾಳಿಯಲ್ಲಿ ಆಚೀಚೆ ಅಲುಗಿಸಿದರು. ಅವಳ ಬಳಿ ಇದ್ದದ್ದು ಬಟ್ಟೆ ಅಂಗಡಿಯವರು ಯಾವಾಗಲೋ ಕೊಟ್ಟಿದ್ದ ಒಂದು ಪುಟ್ಟ ಪೆನ್ ಡ್ರೈವ್. ಅದನ್ನು ಸಿಕ್ಕಿಸಿ, ಹಿಂದೆ ಮುಂದೆ ನೋಡದೆ ಮಾತಿನ ಪಾಠದ ಕಡತದ ಮೇಲೆ ಬಾಣದ ಗುರುತು ತಂದು ನಿಲ್ಲಿಸಿದಳು.

ಮೇಷ್ಟ್ರು ಅವಳ ಮಣಿಕಟ್ಟು ಹಿಡಿದರು. "ಬಟ್ಟೆ."

"ಬಟ್ಟೆ ಬದಲಾಯಿಸ್ಬೇಕಾ?" ಎಂದು ಕೇಳಿದವಳು, ಅವರ ಮುಖ ನೋಡಿ, ಅಲ್ಲ ಎಂದು ತಾನೇ ಅಂದುಕೊಂಡಳು. ಅವರು ಪರದೆಯ ಕೆಳಮೂಲೆಯ ಕಡತವೊಂದನ್ನು ತೋರಿಸಿದರು. ಅವಳು ತೆರೆದಳು. ಕಾಲರುಗಳು, ತೋಳುಗಳು, ಮಕ್ಕಳ ಕೋಟಿನ ಬೆನ್ನು, ನೆರಿಗೆಯ ಲಂಗದ ನಾಲ್ಕನೇ ಒಂದು ಭಾಗ. ಅವಳು ಕಾಗದದಲ್ಲಿ ಕತ್ತರಿಸುತ್ತಿದ್ದ ಅಚ್ಚುಗಳನ್ನೆಲ್ಲ ಹಿಂದೆ ಮೇಷ್ಟ್ರು ಸಂಜೆ ಸಂಜೆ ಕೂತು ಅಳತೆ ಸಮೇತ ಇದರೊಳಗೆ ಬರೆದಿಟ್ಟಿದ್ದರು. ಒಂದು ದಿನ ಹೊಲಿಗೆ ಶಾಲೆ ತೆರೆಯೋಣ ಎಂಬ ಮಾತು ಆಗ ಮನೆಯಲ್ಲಿ ನಡೆಯುತ್ತಿತ್ತು. ಆ ಕಾಗದಗಳನ್ನು ಹುಳ ತಿಂದು ಎಷ್ಟೋ ಕಾಲವಾಗಿದೆ. ಈಗ ಅವಳ ಹೊಲಿಗೆಯೆಂದರೆ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ಪು ಬದಲಾಯಿಸುವುದು ಇಷ್ಟೇ. ಅವರನ್ನು ಬಿಟ್ಟು ದೊಡ್ಡ ಕೆಲಸಕ್ಕೆ ಕೂರಲು ಬಿಡುವೆಲ್ಲಿ? ಈ ಕಡತ ಇದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

"ಇದು ಆಮೇಲೆ. ಮೊದಲು ನಿಮ್ಮ ಪಾಠ."

"ಬೇಡ."

"ಬೇಡ್ವಾ? ದಿನಾ ಬೆಳಿಗ್ಗೆ ಅಷ್ಟು ಶ್ರದ್ಧೆಯಿಂದ ಮಾಡ್ತೀರಲ್ಲ?"

ಮೇಷ್ಟ್ರು ತಮ್ಮೊಳಗೆ ಎಲ್ಲೋ ದೂರ ಹುಡುಕಿಕೊಂಡು ಹೋದರು. ತುಟಿ ಎರಡು ಮೂರು ಸಲ ಅಲುಗಿ ನಿಂತಿತು. ಅವಳು ಈ ಸಲ ಮಾತು ಎತ್ತಿಕೊಡಲು ಹೋಗಲಿಲ್ಲ, ಕಾದಳು. "ನಿನಗೆ" ಎಂದರು. "ನಿನಗೋಸ್ಕರ." ಆಮೇಲೆ ಶಾಲೆಯ ಮಕ್ಕಳು ಮಗ್ಗಿ ಹೇಳುವ ರಾಗದಲ್ಲಿ, "ಲೋಟ, ಕುರ್ಚಿ, ಲೋಟ, ಕುರ್ಚಿ" ಎಂದು ಒಪ್ಪಿಸಿ, ದವಡೆ ಕಿತ್ತುಹೋಗುವಂತೆ ಆಕಳಿಸಿ ತೋರಿಸಿದರು.

ಟೈಲರಮ್ಮ ತಬ್ಬಿಬ್ಬಾದಳು. ಈ ಒಂದು ವರ್ಷ ಅವರಿಗೋಸ್ಕರ ಎಂದು ಅವಳೂ, ಅವಳಿಗೋಸ್ಕರ ಎಂದು ಅವರೂ ಹಲ್ಲು ಕಚ್ಚಿಕೊಂಡು ಬಾಚಣಿಗೆಯ ಚಿತ್ರ ನೋಡಿದ್ದೇ ನೋಡಿದ್ದು. ಅವಳ ಕಣ್ಣಲ್ಲಿ ನೀರು ಬಂತು. ನಗುವಿನದೋ ಮತ್ತಾವುದರದೋ ಎಂದು ವಿಚಾರಿಸಲು ಸಮಯವಿರಲಿಲ್ಲ. ಡಿಸ್ಕು ಮತ್ತೆ ಬಿಕ್ಕಿತು.

ಕಾಲರುಗಳು ಮೊದಲು ಹೋದವು, ಆಮೇಲೆ ತೋಳುಗಳು. ಪರದೆಯ ಮೇಲೆ ಹಸಿರು ಪಟ್ಟಿ ಒಂದಿಷ್ಟು ಓಡಿ, ನಿಂತು, ಮತ್ತೆ ಓಡುತ್ತಿತ್ತು. ನಿಂತಾಗಲೆಲ್ಲ ಇಬ್ಬರೂ ಉಸಿರು ಬಿಗಿಹಿಡಿದರು. ಮಕ್ಕಳ ಕೋಟುಗಳು ದಾಟಿದವು. ಕಡತ ಪೂರ್ತಿ ಈಚೆ ಬಂದ ಮೇಲೆ ಫೋಟೋಗಳಿಗೆ ಕೈ ಹಚ್ಚಿದಳು, ಅರ್ಧದಷ್ಟು ಬಂದವು. ಕೊನೆಗೆ ಮನಸ್ಸು ತಡೆಯದೆ ಮಾತಿನ ಪಾಠದ ಮೇಲೂ ಒಮ್ಮೆ ಒತ್ತಿದಳು. ಮೇಷ್ಟ್ರು ಬೇಡ ಅನ್ನಲಿಲ್ಲ. ಡಿಸ್ಕೇ ಅಂದಿತು. ಕಟ್ ಎಂಬ ಒಂದೇ ಸದ್ದು, ಆಮೇಲೆ ಒಳಗೆ ಏನೋ ಕೆರೆದ ಹಾಗೆ ಉದ್ದನೆಯ ಕಿರುಗುಟ್ಟುವಿಕೆ, ಆಮೇಲೆ ಫ್ಯಾನಿನ ಗಾಳಿ ಬಿಟ್ಟರೆ ಬೇರೆ ಸದ್ದೇ ಇಲ್ಲ. ಎಷ್ಟು ತಣ್ಣಗಾದರೂ ಅದು ಮತ್ತೆ ಏಳಲಿಲ್ಲ.

ಸಂಜೆ ಗುಜರಿಯವನು ಬಂದು ಗೇಟು ಬಡಿದಾಗ ಟೈಲರಮ್ಮ ಇನ್ನೂ ನೆಲದ ಮೇಲೇ ಇದ್ದಳು. ಇವತ್ತು ಆಗುವುದಿಲ್ಲಪ್ಪ, ಕೆಲಸ ಇದೆ ಎಂದು ಕೂತಲ್ಲಿಂದಲೇ ಹೇಳಿ ಕಳಿಸಿದಳು. ಸತ್ತ ಡಿಸ್ಕನ್ನು ಡಬ್ಬಿಯಿಂದ ಹೊರತೆಗೆದು ಮೇಷ್ಟ್ರ ತೊಡೆಯ ಮೇಲೆ ಇಟ್ಟಿದ್ದಳು. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಅದರ ತಗಡಿನ ಮುಚ್ಚಳದ ಮೇಲೆ ಬೆರಳು ಬಡಿದರು.

"ತೆಗೀಬೇಕಾ? ಇನ್ನೇನಿದೆ ಅದ್ರಲ್ಲಿ?"

"ನೋಡೋಣ" ಎಂದರು ಮೇಷ್ಟ್ರು.

ನಕ್ಷತ್ರದ ಆಕಾರದ ಸಣ್ಣ ತಿರುಪುಗಳು ಸುಲಭಕ್ಕೆ ಬಗ್ಗಲಿಲ್ಲ. ಒಂದಕ್ಕೆ ತಿರುಪುಳಿಯ ಮೊನೆ ಮುಕ್ಕಾಯಿತು, ಇನ್ನೊಂದಕ್ಕೆ ಅವಳ ಹೆಬ್ಬೆರಳ ಚರ್ಮ ತರಚಿತು. ಮೇಷ್ಟ್ರು ಡಿಸ್ಕನ್ನು ಮೊಣಕಾಲ ನಡುವೆ ಒತ್ತಿ ಹಿಡಿದರು, ಅವಳು ಎರಡೂ ಕೈ ಹಾಕಿ ತಿರುಗಿಸಿದಳು. ಕೊನೆಯದೂ ಸಡಿಲವಾಗಿ ಮುಚ್ಚಳ ಎದ್ದಾಗ ಇಬ್ಬರೂ ಒಟ್ಟಿಗೇ ಬಗ್ಗಿದರು. ಒಳಗೆ ಬೆಳ್ಳಿಯಂಥ ಒಂದು ತಟ್ಟೆ, ಕಲೆಯಿಲ್ಲದೆ ಥಳಥಳಿಸುತ್ತಿತ್ತು. ಕಲೆಯೇ ಇಲ್ಲ ಅನ್ನುವ ಹಾಗೂ ಇರಲಿಲ್ಲ. ಅಂಚಿಗೆ ಹತ್ತಿರ ಕೂದಲೆಳೆಯಷ್ಟು ಸಣ್ಣ ಗೀರು ಒಂದು ಸುತ್ತು ಹೋಗಿತ್ತು. ಅದರ ಮೇಲೆ ಸೂಜಿಯಂಥ ಒಂದು ತೋಳು ಬಾಗಿ ನಿಂತಿತ್ತು.

ಅವಳು ಉಗುರಿನಿಂದ ಆ ತೋಳನ್ನು ಪಕ್ಕಕ್ಕೆ ಸರಿಸಿದಳು. ಮೇಷ್ಟ್ರು ಎಡಗೈಯ ತೋರುಬೆರಳನ್ನು ತಟ್ಟೆಯ ನಡುವೆ ಇಟ್ಟು ಮೆಲ್ಲನೆ ತಿರುಗಿಸಿದರು. ಅದು ಸದ್ದಿಲ್ಲದೆ ಸುತ್ತತೊಡಗಿತು. ಕಿಟಕಿಯಿಂದ ಬರುತ್ತಿದ್ದ ಇಳಿಬಿಸಿಲು ಅದರ ಮೇಲೆ ಬಿದ್ದು, ಎದುರು ಗೋಡೆಯಲ್ಲಿ ಒಂದು ಬೆಳಕಿನ ತುಂಡು ಅಲುಗಾಡುತ್ತ ಮೇಲಕ್ಕೇರಿತು. ಇಬ್ಬರೂ ಕತ್ತೆತ್ತಿ ಅದು ನಿಲ್ಲುವ ತನಕ ನೋಡಿದರು. ನಿಂತಾಗ ಮೇಷ್ಟ್ರು ಕೈ ಹಿಂದಕ್ಕೆ ತೆಗೆದುಕೊಂಡು, ಈಗ ನಿನ್ನ ಸರದಿ ಎಂಬಂತೆ ಅದನ್ನು ಅವಳ ಕಡೆ ಸರಿಸಿದರು.