ಪರಾತದ ಅಂಚು

ನಮ್ಮ ಯಜಮಾನರು ಜಾಫರಸಾಬರು ಹಾರೂಗೇರಿಯಲ್ಲಿ ಕೂತು ಎಲೆಕ್ಟ್ರಿಕ್ ಗಿಟಾರ್ ಮಾಡುತ್ತಾರೆ ಎಂದರೆ ಜನ ನಗುತ್ತಾರೆ. ನಗಲಿ, ಹಲ್ಲು ಅವರವು! ನಿಪ್ಪಾಣಿಯಿಂದ ಅಥಣಿಯವರೆಗೆ ಮದುವೆ ಮೆರವಣಿಗೆಯಲ್ಲಿ ಬಾರಿಸುವ ಬೆಂಜೋ ಪಾರ್ಟಿಯವರನ್ನು ಕೇಳಿ ನೋಡಿ, ಕೊರಳಲ್ಲಿರುವ ಗಿಟಾರ್ ಎಲ್ಲಿಯದು ಎಂದು. ನಮ್ಮ ಅಂಗಳದ್ದೇ.

ಅಂಥವರಿಗೆ ಮುಂಬೈ ವಕೀಲರಿಂದ ನೋಟಿಸು ಬಂತು. ಮೇಲೆ ಎರಡು ಕೊಂಬು ಚಾಚಿದ ಗಿಟಾರಿನ ಆ ಆಕಾರ ಪರದೇಶದ ಒಂದು ಕಂಪನಿಯ ಟ್ರೇಡ್‌ಮಾರ್ಕ್ ಅಂತೆ. ಗಿಟಾರ್ ಮಾಡುವುದನ್ನು ನಿಲ್ಲಿಸಬೇಕು, ಫರ್ಮಾ ಸುಡಬೇಕು ಅಂತೆ. ಫರ್ಮಾ ಎಂದರೆ ಪ್ಲೈವುಡ್ಡಿನ ಅಚ್ಚು. ಅದನ್ನು ಹಲಗೆಯ ಮೇಲಿಟ್ಟು ಗೆರೆ ಎಳೆದೇ ಪ್ರತಿ ಗಿಟಾರನ್ನೂ ಕೊಯ್ಯುವುದು.

ನನಗೆ ಮೈಯೆಲ್ಲ ಉರಿಯಿತು. "ಆಕಾರಕ್ಕೂ ಮಾಲಕರು ಇರ್ತಾರೇನ್ರಿ? ನಾಳೆ ರೊಟ್ಟಿ ದುಂಡಗ ಬಡದ್ರೂ ನೋಟಿಸ್ ಕಳಸ್ತಾರೇನು?" ಎಂದೆ.

ಅವರು ಸಿಟ್ಟಾಗಲಿಲ್ಲ. ಅದೇ ನನಗೆ ಹೆದರಿಕೆ ತಂದದ್ದು.

"ಖರೇನ ಐತಿ ಜನ್ನತ. ಈ ಫರ್ಮಾ ಮಾಡೂ ಮುಂದ ನಾ ಗಿಟಾರ್ ಕಣ್ಣಿಲೆ ಕಂಡಿದ್ದಿಲ್ಲ. ಕ್ಯಾಸೆಟ್ ಅಂಗಡ್ಯಾಗ ಆಳೆತ್ತರದ ಪೋಸ್ಟರ್ ಇತ್ತು, ಅದರ ಮ್ಯಾಲ ಪೇಪರ್ ಹಚ್ಚಿ ಗೆರಿ ತಗದೆ. ಇಷ್ಟ ವರ್ಷ ಮಾಡಿದ್ರಾಗ ನಂದು ಅಂಬೂದು ಏನೈತಿ ಹೇಳು?"

ಮಾರನೆಯ ದಿನ ಐಗಳಿಯ ಮಾಳೇಶ ತನ್ನ ಪಾರ್ಟಿಗೆ ಹೊಸ ಗಿಟಾರ್ ಒಯ್ಯಲು ಬಂದ. "ಕಳವಿನ ಮಾಲ ಐತೋ ತಮ್ಮಾ, ಬ್ಯಾರೆ ಕಡೆ ನೋಡ್ಕೊ" ಎಂದು ಅವನನ್ನು ಬರಿಗೈಯಲ್ಲಿ ಕಳಿಸಿಬಿಟ್ಟರು. ತನ್ನ ಕೈಕೆಲಸವನ್ನು ತಾನೇ ಕಳವಿನ ಮಾಲು ಎನ್ನುವುದೆಂದರೆ! ಅಂದಿನಿಂದ ಅವರು ಕರಗಸ ಮುಟ್ಟಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ.

ನಾನೇ ಚಿಕ್ಕೋಡಿಯ ಜಿನ್ನಪ್ಪ ವಕೀಲರನ್ನು ಮನೆಗೆ ಕರೆಸಿದೆ. ಅವರು ಕಂಪನಿಯ ಗಿಟಾರಿನ ಚಿತ್ರವನ್ನು ಅದರ ಅಳತೆಯಲ್ಲೇ ಹಾಳೆಗೆ ಇಳಿಸಿಕೊಂಡು ಬಂದಿದ್ದರು. ಅದರ ಮೇಲೆ ನಮ್ಮ ಫರ್ಮಾ ಇಟ್ಟರು. ಕೊಂಬುಗಳು ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೂಡಿದವು. ಆದರೆ ಕೆಳಗೆ ನಮ್ಮದು ದುಂಡಗೆ ಹೊರಗೆ ಉಬ್ಬಿತ್ತು.

"ಇಲ್ಲಿ ಯಾಕ ಕೂಡವಲ್ದು?" ವಕೀಲರು ಕೇಳಿದರು.

"ಪೋಸ್ಟರಿನ್ಯಾಗ ಮುಂದ ಡ್ರಮ್ ಅಡ್ಡ ಇತ್ರಿ. ಕೆಳಗ ಹೆಂಗೈತಿ ಅಂತ ಕಾಣ್ತಿರಲಿಲ್ಲ. ಏನೋ ಒಂದ ದುಂಡಂದು ಇಟ್ಟು ಗೆರಿ ಎಳದಿದ್ದೆ."

ಏನೋ ಒಂದಂತೆ! ಅವರು ಆ ಗೆರೆ ಎಳೆದ ದಿನ, ಹಿಟ್ಟು ನಾದುವ ದುಂಡನೆಯ ದೊಡ್ಡ ತಾಟು, ನನ್ನ ಪರಾತ, ಕಾಣದೆ ನಾನು ಮನೆಯನ್ನೆಲ್ಲ ತಲೆಕೆಳಗು ಮಾಡಿದ್ದು ನನಗೆ ನೆನಪಿಲ್ಲವೇ? ಒಳಗೆ ಹೋದೆ. ಅಂಚಿಗೆ ಹಿಟ್ಟು ಅಂಟಿದ್ದ ಪರಾತವನ್ನು ಹಾಗೇ ತಂದು ಫರ್ಮಾದ ಮೇಲೆ ಬೋರಲು ಹಾಕಿದೆ. ಕೆಳಗಿನ ದುಂಡಿಗೆ ಅದು ಸರಿಯಾಗಿ ಕೂತಿತು.

ಜಿನ್ನಪ್ಪನವರು ಗಹಗಹಿಸಿ ನಕ್ಕರು. "ಕೊಂಬು ಅವರವು ಜಾಫರಸಾಬ, ಕೊಯ್ದ ಬಿಡು. ಈ ಹೊಟ್ಟಿ ಮಾತ್ರ ಅವರದಲ್ಲ. ಹಂಗಂತ ಬರದ ಕಳಸೂಣು."

ನಮ್ಮ ಯಜಮಾನರು ಪರಾತದ ಅಂಚನ್ನು ಬೆರಳಿನಿಂದ ಸವರಿದರು. "ಹಂಗಾರ ಇದು ನಂದ?"

"ನಿಮ್ಮದ್ಹೆಂಗ ಆಕ್ಕೈತಿ? ನಮ್ಮವ್ವ ಕೊಟ್ಟ ಪರಾತ ಅದು!" ಎಂದೆ.

ನೋಟಿಸು ಬಂದ ಮೇಲೆ ಮೊದಲ ಸಲ ಅವರು ನಕ್ಕರು. ನಗುತ್ತಲೇ ಕಣ್ಣು ತುಂಬಿಕೊಂಡರು. ನನಗೂ ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಆಮೇಲೆ ಅವರು ಎದ್ದು ಕರಗಸ ತಂದರು. ಫರ್ಮಾದ ಒಂದು ಕೊಂಬಿಗೆ ಅದರ ಹಲ್ಲು ಹಚ್ಚಿ, ನನ್ನ ಕಡೆ ತಿರುಗಿದರು.

"ಮಾಳೇಶಗ ಫೋನ್ ಹಚ್ಚು. ಕೊಂಬಿಲ್ಲದ್ದು ನಡೀತೈತೇನು ಕೇಳು. ಮಾಲ ನಮ್ಮದ ಐತಿ ಅಂತ ಹೇಳು."